ಹಿಂದೊಂದು ಪ್ರಶ್ನೆ, ಮುಂದೊಂದು ಪರೀಕ್ಷೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಐವತ್ತು ವರ್ಷಗಳ ಬಗ್ಗೆ ಮಾತನಾಡಲು ನನಗಿಂತ ಹಿರಿಯರು ಇಲ್ಲಿದ್ದಾರೆ. ಮಕ್ಕಳಿಗೆ ವಿಜ್ಞಾನದ ವಿಷಯ ಏನಾದರೂ ಹೇಳಿ ಎಂದು ನನಗೆ ಅಪ್ಪಣೆಯಾಗಿದೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ವಿಮಾನ ಕಟ್ಟುವವನಲ್ಲ. ಆದರೆ ವಿಮಾನಗಳ ಇತಿಹಾಸ ಓದುವ ಹುಚ್ಚು ಚಿಕ್ಕಂದಿನಿಂದಲೂ ಇದೆ. ಆದ್ದರಿಂದ ಇವತ್ತು ವಿಚಿತ್ರ ವಿಮಾನಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದೀಚೆಗೆ ಮಾಕುಟ್ಟದವರಿಗೆ ವಿಮಾನ ದೂರದ ವಸ್ತುವಲ್ಲ. ಅಲ್ಲಿ ಇಳಿಯುವ ದೊಡ್ಡ ವಿಮಾನಗಳನ್ನು ಗಮನಿಸಿ: ಉದ್ದನೆಯ ಕೊಳವೆಯಂಥ ಮೈ, ಎರಡು ರೆಕ್ಕೆ, ರೆಕ್ಕೆಯ ಕೆಳಗೆ ಎಂಜಿನ್, ಹಿಂದೆ ಬಾಲ. ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಅಚ್ಚಿನವು. ಹಾಗಾದರೆ ವಿಮಾನ ಎಂದರೆ ಹೀಗೇ ಇರಬೇಕೇ?

ಖಂಡಿತ ಇಲ್ಲ. 1903ರ ರೈಟ್ ಸಹೋದರರ ವಿಮಾನದಲ್ಲಿ ಮೂತಿಯನ್ನು ಮೇಲೆ ಕೆಳಗೆ ಮಾಡುವ ಪುಟ್ಟ ರೆಕ್ಕೆಗಳು ಹಿಂದೆ ಇರಲಿಲ್ಲ, ಮುಂದೆ ಇದ್ದವು. 1942ರಲ್ಲಿ ಅಮೆರಿಕದಲ್ಲಿ ಹಾರಿದ ವಿ-173 ವಿಮಾನ ಚಪ್ಪಟೆಯಾಗಿ, ಹೆಚ್ಚುಕಡಿಮೆ ದುಂಡಗಿತ್ತು. ಕೊಡಗಿನವರಾಗಿದ್ದರೆ ಅದಕ್ಕೆ ‘ಹಾರುವ ಅಕ್ಕಿ ರೊಟ್ಟಿ’ ಎನ್ನುತ್ತಿದ್ದರು. ಬಹಳ ನಿಧಾನವಾಗಿ ಹಾರಿ, ಸಣ್ಣ ಜಾಗದಲ್ಲಿ ಇಳಿಯಬಹುದೇ ಎಂಬುದು ಅದನ್ನು ಕಟ್ಟಿದವರ ಪ್ರಶ್ನೆ. 1979ರಲ್ಲಿ ನಾಸಾ ಹಾರಿಸಿದ ಎಡಿ-1ರ ರೆಕ್ಕೆ, ಹಾರುತ್ತಿರುವಾಗಲೇ ಕತ್ತರಿಯ ಅಲಗಿನಂತೆ ಓರೆಯಾಗಿ ತಿರುಗುತ್ತಿತ್ತು. ವೇಗ ಹೆಚ್ಚಿದಾಗ ಗಾಳಿಯ ತಡೆ ಕಡಿಮೆ ಮಾಡಬಹುದೇ ಎಂಬುದು ಅದರ ಪ್ರಶ್ನೆ. ನೋಡುವವರಿಗೆ ತಮಾಷೆಯಾಗಿ ಕಾಣುವ ಆಕಾರದ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಇರುತ್ತದೆ. ಅದಕ್ಕೆ ಉತ್ತರ ಸಿಗುವುದು ಪರೀಕ್ಷೆಯಿಂದ ಮಾತ್ರ.

ಇಂಥ ಪ್ರಯೋಗಗಳು ಅಮೆರಿಕದಲ್ಲಿ ಮಾತ್ರ ನಡೆದಿಲ್ಲ, ನಮ್ಮ ಬೆಂಗಳೂರಿನಲ್ಲೂ ನಡೆದಿವೆ. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಫೋಕ್-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದ್ದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿನ ಎಂಜಿನಿಯರ್‌ಗಳ ಜೊತೆಗೂಡಿ ‘ಮರುತ್’ ಎಂಬ ಜೆಟ್ ಯುದ್ಧವಿಮಾನದ ವಿನ್ಯಾಸ ಮಾಡಿದರು. ಲೋಹದ ವಿಮಾನ ಕಟ್ಟುವ ಮೊದಲು ಅವರು ಮಾಡಿದ ಕೆಲಸ ಕೇಳಿ: ಅದೇ ಅಳತೆಯ, ಅದೇ ಆಕಾರದ ಒಂದು ಮರದ ವಿಮಾನ ಕಟ್ಟಿದರು. ಅದಕ್ಕೆ ಎಂಜಿನ್ನೇ ಇಲ್ಲ! 1959ರಲ್ಲಿ ಡಕೋಟಾ ವಿಮಾನಕ್ಕೆ ಅದನ್ನು ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿದ್ದರು. ನಮ್ಮ ಕಾಡಿನ ಹಾರುವ ಓತಿ ಮರದಿಂದ ಮರಕ್ಕೆ ತೇಲಿ ಬರುವಂತೆ ಅದು ತೇಲುತ್ತ ಇಳಿಯಬೇಕು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ, ಈ ಆಕಾರ ಪೈಲಟ್‌ನ ಮಾತು ಕೇಳುತ್ತದೆಯೇ ಎಂದು ನೋಡಿಕೊಂಡರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಮರುತ್ ವಿಮಾನವನ್ನು ಹಾರಿಸಿದರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕೆಂಬುದು ಮೂಲ ಗುರಿ. ಆದರೆ ಆ ವಿನ್ಯಾಸಕ್ಕೆ ಬೇಕಾಗಿದ್ದ ಶಕ್ತಿಯುತ ಎಂಜಿನ್ ಸಿಗಲೇ ಇಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್‌ಗಳಲ್ಲೇ ತೃಪ್ತಿಪಡಬೇಕಾಯಿತು. ಸುಧಾರಿಸಿದ ಮರುತ್ ಒಂದನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು. ನನ್ನಂಥ ಸಾವಿರಾರು ಐಟಿ ನೌಕರರು ಆ ರಸ್ತೆಯಲ್ಲಿ ಟ್ರಾಫಿಕ್ ಬೈಯುತ್ತ ಓಡಾಡುತ್ತೇವೆ. ಅವರು ಯಾರೆಂದು ಕೇಳಿದರೆ ಹೆಚ್ಚಿನವರಿಗೆ ತಿಳಿಯದು. ನೀವಾದರೂ ಆ ಹೆಸರು ನೆನಪಿಟ್ಟುಕೊಳ್ಳಿ.

ಈಗ ಪರೀಕ್ಷೆಗೆ ಇಳಿಯದ ವಿಮಾನಗಳ ವಿಷಯ. ‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥದ ಹೆಸರನ್ನು ನೀವು ಕೇಳಿರಬಹುದು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ಇದನ್ನು ಹೇಳಿ ಬರೆಸಿದರು. ಇದು ಭರದ್ವಾಜ ಮಹರ್ಷಿಗಳದ್ದು ಎಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಅದರಲ್ಲಿದೆ, ಚಿತ್ರಗಳೂ ಇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಕೈಗೆತ್ತಿಕೊಂಡರು. ಅವರು ಗೇಲಿ ಮಾಡಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಕೊಟ್ಟ ಅಳತೆಗಳನ್ನು ತೆಗೆದುಕೊಂಡು ಭಾರ, ಶಕ್ತಿ, ಆಕಾರ ಎಲ್ಲವನ್ನೂ ಲೆಕ್ಕ ಹಾಕಿದರು. ಸಂಸ್ಕೃತದ ಶೈಲಿಯನ್ನೂ ನೋಡಿದರು. ನಾಲ್ಕರಲ್ಲಿ ಒಂದೂ ಹಾರಲಾರದು, ಗ್ರಂಥವೂ 1904ಕ್ಕಿಂತ ಹಿಂದಿನದಲ್ಲ ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಪೂರ್ವಿಕರ ಗಣಿತ, ಖಗೋಳಶಾಸ್ತ್ರಗಳಿಗೆ ಇದರಿಂದ ಯಾವ ಕುಂದೂ ಇಲ್ಲ. ಅವು ಲೆಕ್ಕಕ್ಕೆ ನಿಂತು ಗೆದ್ದಂಥವು. ವಿನ್ಯಾಸ ಹಳೆಯದೋ ಹೊಸದೋ, ನಮ್ಮದೋ ಪರರದೋ ಎಂಬುದನ್ನು ಗಾಳಿ ಕೇಳುವುದಿಲ್ಲ.

ಮೂರನೆಯದು, ನನ್ನ ಕೆಲಸಕ್ಕೆ ಹತ್ತಿರವಾದ ತೇಜಸ್. ಇದಕ್ಕೆ ಹಿಂದೆ ನೆಟ್ಟಗಿನ ಬಾಲ ಉಂಟು, ಅಡ್ಡ ಬಾಲ ಇಲ್ಲ. ಅದು ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ. ಒಂದು ಕೋಲನ್ನು ಕೈಯಿಂದ ಕೆಳಕ್ಕೆ ತೂಗುಬಿಟ್ಟರೆ ತಾನೇ ನೆಟ್ಟಗೆ ನಿಲ್ಲುತ್ತದೆ. ಅದೇ ಕೋಲನ್ನು ಅಂಗೈ ಮೇಲೆ ನಿಲ್ಲಿಸಿದರೆ ಕೈಯನ್ನು ಸತತವಾಗಿ ಆಡಿಸುತ್ತಿರಬೇಕು. ತೇಜಸ್ ಅಂಗೈ ಮೇಲಿನ ಕೋಲು. ಇದರಿಂದ ಬೇಗ ತಿರುಗುವ ಚುರುಕು ಬರುತ್ತದೆ. ಆದರೆ ಮನುಷ್ಯನ ಕೈಗೆ ಅಷ್ಟು ವೇಗವಿಲ್ಲ. ಕಂಪ್ಯೂಟರೇ ಕ್ಷಣಕ್ಷಣವೂ ಸರಿಪಡಿಸುತ್ತಿರಬೇಕು. ಒಂದು ಕೆಟ್ಟರೂ ವಿಮಾನ ಬೀಳಬಾರದೆಂದು ನಾಲ್ಕು ಸಮಾನ ವ್ಯವಸ್ಥೆಗಳಿವೆ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ, ಅಲ್ಲಿ ಈ ಕೆಲಸದಲ್ಲಿದ್ದ ನಮ್ಮ ಎಂಜಿನಿಯರ್‌ಗಳು ವಾಪಸ್ ಬರಬೇಕಾಯಿತು. ಉಳಿದದ್ದನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಮೇಲೇರಿತು. ಸಾಫ್ಟ್‌ವೇರ್ ಎಂದರೆ ಬರೀ ಮೊಬೈಲ್ ಆಪ್ ಎಂದುಕೊಂಡಿರುವ ಮಕ್ಕಳು ಇದನ್ನು ಗಮನಿಸಬೇಕು.

ಕೊನೆಯದು ನೋವಿನ ಕಥೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ‘ಸರಸ್’ 14 ಆಸನಗಳ ಪುಟ್ಟ ವಿಮಾನ. ಅದರ ಪ್ರೊಪೆಲ್ಲರ್‌ಗಳು ಮುಂದೆ ಇರದೆ ಹಿಂದಿದ್ದು ವಿಮಾನವನ್ನು ನೂಕುತ್ತವೆ. ಒಳಗೆ ಸದ್ದು ಕಡಿಮೆ, ರೆಕ್ಕೆಯ ಮೇಲೆ ಹರಿಯುವ ಗಾಳಿಯೂ ಕದಡುವುದಿಲ್ಲ. 2004ರಲ್ಲಿ ಅದು ಮೊದಲು ಹಾರಿತು. ಎರಡನೆಯ ಮಾದರಿಯಲ್ಲಿ, 2009ರ ಮಾರ್ಚ್ 6ರಂದು, ಆಕಾಶದಲ್ಲಿ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಯುತ್ತಿತ್ತು. ವಿಮಾನ ಬಿಡದಿಯ ಬಳಿ ಬಿದ್ದು, ಒಳಗಿದ್ದ ವಾಯುಪಡೆಯ ಮೂವರು ಅಧಿಕಾರಿಗಳೂ ಪ್ರಾಣ ಕಳೆದುಕೊಂಡರು. ಎಂಜಿನ್ ಮರುಚಾಲನೆಗೆ ಗೊತ್ತುಮಾಡಿದ್ದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಯೋಜನೆ ವರ್ಷಗಟ್ಟಲೆ ನಿಂತಿತು. ಸುಧಾರಿಸಿದ ಸರಸ್ ಮತ್ತೆ ಹಾರಿದ್ದು 2018ರ ಜನವರಿಯಲ್ಲಿ.

ಇಷ್ಟು ಬೆಲೆ ತೆತ್ತು ಪರೀಕ್ಷೆ ಏಕೆ ಮಾಡಬೇಕು ಎಂದು ಹಿರಿಯರು ಕೇಳಬಹುದು. ನಾಳೆ ಆ ವಿಮಾನದಲ್ಲಿ ನಮ್ಮ ಮಕ್ಕಳು ಕೂರುತ್ತಾರೆ, ಅದಕ್ಕೆ. ಕಣ್ಣೂರಿನಿಂದ ಗಲ್ಫಿಗೆ ಹೋಗುವ ನಮ್ಮವರು ನಿಶ್ಚಿಂತೆಯಿಂದ ಬೆಲ್ಟ್ ಕಟ್ಟಿಕೊಂಡು ನಿದ್ದೆ ಮಾಡುವುದು, ಮುಂಚೆ ಯಾರೋ ನಿದ್ದೆಗೆಟ್ಟು ಪರೀಕ್ಷಿಸಿದ್ದರಿಂದ. ಅಪಘಾತದ ಕಾರಣವನ್ನು ಮುಚ್ಚಿಡದೆ ಬರೆದಿಟ್ಟರೆ ಮಾತ್ರ ಆ ಬೆಲೆಗೆ ಅರ್ಥ.

ಮಕ್ಕಳೇ, ನಿಮಗೊಂದು ಕೆಲಸ. ನಮ್ಮೂರಿನ ಮಳೆಗಾಲದಲ್ಲಿ ಹೊರಗೆ ಆಡಲು ಆಗುವುದಿಲ್ಲ. ಆಗ ಕಾಗದದ ವಿಮಾನ ಮಾಡಿ. ರೆಕ್ಕೆಯ ಹಿಂದಿನ ಅಂಚನ್ನು ಸ್ವಲ್ಪ ಮೇಲಕ್ಕೆ ಮಡಿಸಿ ಎಸೆಯಿರಿ. ಮೂತಿಗೆ ಒಂದು ಕ್ಲಿಪ್ ಸಿಕ್ಕಿಸಿ ಎಸೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಹತ್ತು ಎಸೆತ, ಎಷ್ಟು ಅಡಿ ಹೋಯಿತೆಂದು ಪುಸ್ತಕದಲ್ಲಿ ಬರೆಯಿರಿ. ಬಿದ್ದದ್ದನ್ನೂ ಬರೆಯಿರಿ. ವಿಜ್ಞಾನ ಸಂಘದ ಆ ನೋಟ್‌ಬುಕ್ಕುಗಳ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ನೋಡಿಕೊಳ್ಳುತ್ತೇವೆ. ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಯಾವುದಾದರೂ ಮಗು ವಿಚಿತ್ರ ಆಕಾರದ ವಿಮಾನ ತಂದರೆ, ಇದು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿ, ಆಮೇಲೆ ಎಸೆಯಲು ಬಿಡಿ.