ಸವಣೂರಿನ ಅಧ್ಯಾಪಕರು

ಇಂಗ್ಲೆಂಡಿನ ಕ್ರಿಕೆಟ್ ಆಟದಲ್ಲಿ ೧೯೬೨ರವರೆಗೂ ಹವ್ಯಾಸಿಗಳು, ವೃತ್ತಿಯವರು ಎಂಬ ಎರಡು ಪಂಗಡಗಳಿದ್ದುವು. ಆಟವನ್ನು ಪ್ರೀತಿಗಾಗಿ ಆಡಿ, ಜೀವನಕ್ಕೆ ಉಪಾಧ್ಯಾಯ ವೃತ್ತಿಯನ್ನು ಹಿಡಿದು, ಮುಂದೆ ವಿದ್ಯಾಶಾಲೆಯ ಆಡಳಿತವನ್ನೂ ಹೊತ್ತವರು ಆ ಹವ್ಯಾಸಿಗಳಲ್ಲಿ ಉಂಟು. ಅಂಥ ಬಾಳನ್ನು ನಮ್ಮ ನಾಡಿನಲ್ಲಿ ಅರಸುವೆವಾದರೆ, ಆಟದ ಬಯಲಿಗಿಂತ ಕಾವ್ಯದ ಬಯಲಿನಲ್ಲಿ ಅದು ಬೇಗ ಕಾಣುವುದು. ವಿನಾಯಕ ಕೃಷ್ಣ ಗೋಕಾಕರು ಅಂಥವರು.

ಹಾನಗಲ್ಲು, ಶಿಗ್ಗಾವಿಗಳ ನೆರೆಯ ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿದ್ದಿತು. ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕನ್ನಡ ಉರ್ದುಗಳೆರಡೂ ಕೇಳಿಬರುವ ಆ ಊರಿನಲ್ಲಿ ಗೋಕಾಕರು ೧೯೦೯ರಲ್ಲಿ ಜನಿಸಿದರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಅವರನ್ನು ಕವಿಯನ್ನಾಗಿಸಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ೧೯೩೮ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಆಮೇಲೆ ಸಾಂಗ್ಲಿ, ಕೊಲ್ಲಾಪುರ, ಧಾರವಾಡಗಳಲ್ಲಿ ಕಾಲೇಜಿನ ಪ್ರಿನ್ಸಿಪಾಲರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರು. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು.

ಅಧಿಕಾರದ ಪೀಠವು ಲೇಖನಿಯನ್ನು ಒಣಗಿಸುವುದೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಗೋಕಾಕರ ವಿಷಯದಲ್ಲಿ ಹಾಗಾಗಲಿಲ್ಲ. 'ದ್ಯಾವಾ ಪೃಥಿವೀ'ಗೆ ೧೯೬೦ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ ಅವರು ಹೈದರಾಬಾದಿನಲ್ಲಿ ಇಂಗ್ಲಿಷಿನ ಉಪಾಧ್ಯಾಯರನ್ನು ತರಬೇತುಗೊಳಿಸುವ ಸಂಸ್ಥೆಯನ್ನು ನಡೆಸುತ್ತಿದ್ದರು. ವಿಶ್ವಾಮಿತ್ರನನ್ನು ಕುರಿತ ಮಹಾಕಾವ್ಯ 'ಭಾರತ ಸಿಂಧು ರಶ್ಮಿ' ವಾರ್ಧಕ್ಯದ ಫಲ.

ಆದರೆ ಅವರ ನಿಜವಾದ ಪರೀಕ್ಷೆ ೧೯೮೦ರಲ್ಲಿ ಒದಗಿತು. ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆ ಯಾವುದಾಗಬೇಕೆಂಬುದನ್ನು ವಿಚಾರಿಸಲು ಸರ್ಕಾರವು ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಜೀವಮಾನವೆಲ್ಲ ಇಂಗ್ಲಿಷನ್ನು ಬೋಧಿಸಿದವರು ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಮಾಡಿದರು. ಅದರ ಜಾರಿಗಾಗಿ ೧೯೮೨ರಲ್ಲಿ ರಾಜ್‌ಕುಮಾರ್ ಮೊದಲಾದವರು ಬೀದಿಗಿಳಿದರು. ಉರ್ದುವೇ ಮೊದಲಾದ ಮಾತೃಭಾಷೆಗಳವರು ತಮ್ಮ ಮಕ್ಕಳ ಗತಿಯೇನೆಂದು ಕೇಳಿದರು. ಎರಡು ನುಡಿಗಳ ಊರಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ತೂಕ ತಿಳಿಯದೆ ಇದ್ದಿರಲಾರದು. ಪರಭಾಷೆಯ ಪ್ರೀತಿ ಸ್ವಭಾಷೆಯ ಹಕ್ಕಿಗೆ ಅಡ್ಡಿಯಾಗಬೇಕಿಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ. ಒಬ್ಬರ ನುಡಿಗೆ ಕೊಟ್ಟ ಮನ್ನಣೆ ಇನ್ನೊಬ್ಬರ ನುಡಿಗೆ ಕೊರತೆಯಾಗದಂತೆ ಮಾಡುವ ಬಗೆ ಯಾವುದೆಂಬುದು ಮಾತ್ರ ವರದಿಯೊಂದರಿಂದ ಮುಗಿಯುವ ಮಾತಲ್ಲ.

೧೯೯೦ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ೧೯೯೨ರಲ್ಲಿ ಅವರು ತೀರಿಕೊಂಡರು. ಪದವಿಗಳು ಒಬ್ಬರಿಂದ ಒಬ್ಬರಿಗೆ ಸಾಗುವುವು. ಪ್ರೀತಿಗಾಗಿ ಮಾಡಿದ ಕೆಲಸವಾದರೋ ಮಾಡಿದವರ ಹೆಸರಿನಲ್ಲಿಯೇ ಉಳಿಯುವುದು.