ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗ್ರಾಫಿಕ್ಸ್ ಡ್ರೈವರ್ ಪದೇ ಪದೇ ಕ್ರ್ಯಾಶ್ ಆದ್ರೆ ಏನು ಮಾಡ್ಬೇಕು?

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ಈ ಸಲ ಅತಿಥಿ ಯಾರೂ ಇಲ್ಲ, ನಾನೊಬ್ಬನೇ. ಯಾಕಂದ್ರೆ ಇವತ್ತು ಹೇಳ್ಬೇಕಾಗಿರೋದು ನಾನೇ ಮಾಡ್ಕೊಂಡ ಒಂದು ಎಡವಟ್ಟಿನ ಕಥೆ. ಆ ಎಡವಟ್ಟಿನಿಂದ ನನ್ನ ಮೂರು ವಾರ ಹೋಯ್ತು, ಒಂದಷ್ಟು ದುಡ್ಡು ಹೋಯ್ತು. ಜೊತೆಗೆ ಏನೂ ತಪ್ಪು ಮಾಡದ ಒಬ್ಬ ಮನುಷ್ಯನ ಮೇಲೆ ನಾಲ್ಕು ಜನರ ಮುಂದೆ ಕೂಗಾಡಿದ್ದೆ. ನಿಮ್ಮಲ್ಲಿ ಯಾರಾದ್ರೂ ಮನೇಲೇ ಪಿಸಿ ಜೋಡಿಸಿದ್ರೆ, ಅಥವಾ ಜೋಡಿಸೋ ಯೋಚನೆ ಇದ್ರೆ, ಪೂರ್ತಿ ಕೇಳಿ.

ವಿಷಯ ಇಷ್ಟು. ಕಳೆದ ದೀಪಾವಳಿ ಹೊತ್ತಿಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಅಂಗಡಿಯಿಂದ ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಂಡೆ. ಯಾವ ಕಂಪನಿದು ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಅದರದ್ದಲ್ಲ. ಪಾಡ್‌ಕಾಸ್ಟ್ ಜೊತೆ ಹೊಟ್ಟೆಪಾಡಿಗೆ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ ಅಂತ ನಿಮಗೆ ಗೊತ್ತಲ್ಲ. ಕಾರ್ಡ್ ಹಾಕಿದ ನಾಲ್ಕನೇ ದಿನ ಎಕ್ಸ್‌ಪೋರ್ಟ್ ಕೊಟ್ಟು ಕಾಫಿ ಮಾಡ್ಕೊಳ್ಳೋಕೆ ಎದ್ದೆ. ಸ್ಕ್ರೀನ್ ಕಪ್ಪಾಯ್ತು. ಎರಡು ಮೂರು ಸೆಕೆಂಡ್ ಬಿಟ್ಟು ವಾಪಸ್ ಬಂತು. ಡೆಸ್ಕ್‌ಟಾಪ್ ಇದೆ, ಆದ್ರೆ ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲ, ಮುಚ್ಚಿಹೋಗಿದೆ. ಇನ್ನೊಂದ್ಸಲ ಕೊಟ್ಟೆ, ಶೇಕಡಾ 70ಕ್ಕೆ ಬಂದಾಗ ಮತ್ತೆ ಕಪ್ಪು. ಆಮೇಲೆ ದಿನಾ ಅದೇ ಪಾಡು.

ಆ ಕಪ್ಪು ಸ್ಕ್ರೀನ್ ಅಂದ್ರೆ ಏನು?

ವಿಂಡೋಸ್‌ನಲ್ಲಿ ಟಿಡಿಆರ್ ಅಂತ ಒಂದು ವ್ಯವಸ್ಥೆ ಇದೆ. ವಿಸ್ಟಾ ಕಾಲದಿಂದಲೂ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟ ಮೇಲೆ ಅದು 2 ಸೆಕೆಂಡ್ ಒಳಗೆ ಸ್ಪಂದಿಸಬೇಕು. ಸ್ಪಂದಿಸದಿದ್ರೆ 'ಇದು ಹ್ಯಾಂಗ್ ಆಗಿದೆ' ಅಂತ ವಿಂಡೋಸ್ ತೀರ್ಮಾನ ಮಾಡಿ ಕಾರ್ಡನ್ನೂ ಡ್ರೈವರನ್ನೂ ರೀಸೆಟ್ ಮಾಡುತ್ತೆ. ಆ ರೀಸೆಟ್ಟೇ ನೀವು ನೋಡೋ ಕಪ್ಪು ಸ್ಕ್ರೀನ್. ಈವೆಂಟ್ ವ್ಯೂವರ್ ತೆಗೆದ್ರೆ ಅಲ್ಲಿ 4101 ನಂಬರಿನ ಒಂದು ನಮೂದು ಇರುತ್ತೆ: ಡಿಸ್‌ಪ್ಲೇ ಡ್ರೈವರ್ ಸ್ಪಂದಿಸೋದನ್ನ ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಅಂತ.

ಇಲ್ಲೇ ನಾನು ಎಡವಿದ್ದು. 'ಡಿಸ್‌ಪ್ಲೇ ಡ್ರೈವರ್' ಅನ್ನೋ ಎರಡು ಪದ ನೋಡಿ ತಪ್ಪು ಕಾರ್ಡಿಂದೇ ಅಂತ ಫಿಕ್ಸ್ ಆಗ್ಬಿಟ್ಟೆ. ಸರಿಯಾಗಿ ಓದಿದ್ರೆ ಆ ನಮೂದು ಹೇಳ್ತಿರೋದು ಯಾರು ಸುಮ್ಮನಾದ್ರು ಅಂತ ಮಾತ್ರ. ಯಾಕೆ ಸುಮ್ಮನಾದ್ರು ಅಂತ ಅದರಲ್ಲಿಲ್ಲ. ಮನೇಲಿ ಮಗು ಅಳ್ತಿದೆ ಅಂದ್ರೆ ತಪ್ಪು ಮಾಡಿದ್ದೂ ಮಗುವೇ ಅಂತ ಆಗುತ್ತಾ?

ಇದಕ್ಕೆ ದೊಡ್ಡ ಉದಾಹರಣೆ 2024ರಲ್ಲೇ ನಡೀತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದ ಎಷ್ಟೋ ಜನರಿಗೆ ಗೇಮ್ ಶುರು ಮಾಡಿದ್ರೆ 'ವಿಡಿಯೋ ಮೆಮೊರಿ ಸಾಲ್ತಿಲ್ಲ' ಅಂತ ಬರ್ತಿತ್ತು. ಎಲ್ರೂ ಗ್ರಾಫಿಕ್ಸ್ ಕಾರ್ಡನ್ನೇ ಬೈದ್ರು. ಕೊನೆಗೆ ಎನ್‌ವಿಡಿಯಾನೇ 'ಇಂಟೆಲ್ ಹತ್ರ ಕೇಳಿ' ಅನ್ನೋ ಹಾಗಾಯ್ತು. ಆ ವರ್ಷ ಜುಲೈನಲ್ಲಿ ಇಂಟೆಲ್ ಒಪ್ಪಿಕೊಳ್ತು: ಮೈಕ್ರೋಕೋಡ್ ದೋಷದಿಂದ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗ್ತಿದೆ ಅಂತ. ಆಗಸ್ಟ್‌ನಲ್ಲಿ ಬಯೋಸ್ ಮೂಲಕ ಪರಿಹಾರ ಬಂತು, ವಾರಂಟಿಯನ್ನ 2 ವರ್ಷ ವಿಸ್ತರಿಸಿದ್ರು. ಜ್ವರ ಪ್ರೊಸೆಸರ್‌ಗೆ, ಬರೆ ಬಿದ್ದಿದ್ದು ಗ್ರಾಫಿಕ್ಸ್ ಕಾರ್ಡಿಗೆ. ನಿಮ್ಮ ಹತ್ರ ಆ ಪೀಳಿಗೆಯ ಪ್ರೊಸೆಸರ್ ಇದ್ದು ಇನ್ನೂ ಬಯೋಸ್ ಅಪ್‌ಡೇಟ್ ಮಾಡಿಲ್ಲ ಅಂದ್ರೆ, ಇವತ್ತೇ ಮಾಡಿ. ಈಗಾಗ್ಲೇ ಹಾಳಾಗಿದ್ರೆ ಅಪ್‌ಡೇಟಿಂದ ರಿಪೇರಿ ಆಗಲ್ಲ. ಆಗ ವಾರಂಟಿನೇ ದಾರಿ.

ಅಂಗಡೀಲಿ ನಡೆದಿದ್ದು

ನನ್ನ ಕಥೆಗೆ ಬರ್ತೀನಿ. ಮದುವೆ ವಿಡಿಯೋ ಕೊಡೋ ದಿನ ದಾಟಿತು. ಹುಡುಗಿ ಅಣ್ಣ ದಿನಾ ಫೋನ್ ಮಾಡ್ತಿದ್ದ. ನಾನು ಕಾರ್ಡ್ ಬಿಚ್ಚಿ ಬಾಕ್ಸಲ್ಲಿ ಹಾಕ್ಕೊಂಡು ಎಸ್‌ಪಿ ರೋಡಿಗೆ ಹೋದೆ. ಅಂಗಡಿ ತುಂಬಾ ಗಿರಾಕಿಗಳು. 'ಮೈನಿಂಗಲ್ಲಿ ಸುಟ್ಟ ಹಳೇ ಕಾರ್ಡನ್ನ ಹೊಸದು ಅಂತ ಮಾರಿದ್ದೀರ' ಅಂತ ಕೂಗಿದೆ. ಅಂಗಡಿಯವರು ತಿರುಗಿ ಏನೂ ಅನ್ನಲಿಲ್ಲ. ಕಾರ್ಡ್ ತಗೊಂಡು ಅವರ ಟೆಸ್ಟ್ ಮಷೀನಿಗೆ ಹಾಕಿ 40 ನಿಮಿಷ ಸ್ಟ್ರೆಸ್ ಟೆಸ್ಟ್ ಓಡಿಸಿದ್ರು. ಏನೂ ಆಗ್ಲಿಲ್ಲ. 'ಕಾರ್ಡ್ ಚೆನ್ನಾಗಿದೆ ಸರ್, ನಿಮ್ಮ ಮಷೀನಲ್ಲಿ ಬೇರೆ ಏನಾದ್ರೂ ಬದಲಾಯಿಸಿದ್ರಾ?' ಅಂತ ಕೇಳಿದ್ರು. 'ಇಲ್ಲ' ಅಂದೆ.

ಆ 'ಇಲ್ಲ' ಸುಳ್ಳು. ಬೇಕಂತ ಹೇಳಿದ ಸುಳ್ಳೂ ಅಲ್ಲ, ನೆನಪಿಗೇ ಬರ್ಲಿಲ್ಲ. ಅದನ್ನ ಆಮೇಲೆ ಹೇಳ್ತೀನಿ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಅನುಮಾನ ಇರೋ ಪಾರ್ಟನ್ನ ಇನ್ನೊಂದು ಮಷೀನಿಗೆ ಹಾಕಿ ನೋಡೋದು ಎಲ್ಲಕ್ಕಿಂತ ಒಳ್ಳೆ ಪರೀಕ್ಷೆ. ಆ ಪರೀಕ್ಷೆ ನನ್ನ ಕಣ್ಮುಂದೆ, ಬಿಟ್ಟಿಯಾಗಿ ಆಯ್ತು. ನಾನು ನಂಬಲಿಲ್ಲ ಅಷ್ಟೇ.

ಒಂದೊಂದೇ ಟಿಕ್ ಹಾಕ್ಕೊಂಡು ಹೋಗಿ

ನಾನು ಬಿಕಾಂ ಓದಿದವನು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ನಮ್ಮ ಮೇಷ್ಟ್ರು ಒಂದೇ ಮಾತು ಹೇಳ್ತಿದ್ರು: 'ಅಂದಾಜು ಮಾಡ್ಬೇಡ, ವೋಚರ್‌ಗೆ ಒಂದೊಂದೇ ಟಿಕ್ ಹಾಕು.' ಎರಡು ಕಡೆ ಒಟ್ಟಿಗೆ ತಿದ್ದಿದ್ರೆ ಒಂದು ತಪ್ಪು ಇನ್ನೊಂದನ್ನ ಮುಚ್ಚಿಬಿಡುತ್ತೆ. ಮನೆಗೆ ಬಂದು, ತಲೆ ತಣ್ಣಗಾದ ಮೇಲೆ, ಒಂದು ನೋಟ್‌ಬುಕ್ ತಗೊಂಡೆ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಎಕ್ಸ್‌ಪೋರ್ಟ್, ಫಲಿತಾಂಶ ಬರೆಯೋದು.

ಮೊದಲ ಹೆಜ್ಜೆ, ದಾಖಲೆ ನೋಡೋದು. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿದ್ರೆ ರಿಲಯಬಿಲಿಟಿ ಹಿಸ್ಟರಿ ಸಿಗುತ್ತೆ. ಯಾವ ದಿನ ಏನು ಕ್ರ್ಯಾಶ್ ಆಯ್ತು, ಯಾವ ದಿನ ಏನು ಇನ್‌ಸ್ಟಾಲ್ ಆಯ್ತು ಅಂತ ಕ್ಯಾಲೆಂಡರ್ ತರಹ ತೋರಿಸುತ್ತೆ. ಈವೆಂಟ್ ವ್ಯೂವರ್‌ನಲ್ಲಿ 4101 ಮಾತ್ರ ಇದ್ರೆ ಡ್ರೈವರ್ ರೀಸೆಟ್ ಆಗಿದೆ ಅಂತರ್ಥ. ಕರ್ನಲ್ ಪವರ್ 41 ಇದ್ದು, ಮಷೀನ್ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಪವರ್ ಕಡೆ ಅನುಮಾನ ಇಟ್ಕೊಳ್ಳಿ. ಆದ್ರೆ ಕರೆಂಟ್ ಹೋದ್ರೂ 41 ಬರುತ್ತೆ, ಅದು ನೆನಪಿರ್ಲಿ. ವೀಯ ಲಾಗರ್ ಅಂತ ಎರರ್ ಕಂಡ್ರೆ ಹಾರ್ಡ್‌ವೇರ್ ತಾನೇ ದೂರು ಕೊಡ್ತಿದೆ ಅಂತ ತಿಳ್ಕೊಳ್ಳಿ.

ಎರಡನೇದು, ಡ್ರೈವರ್‌ನ ಪೂರ್ತಿ ತೆಗೆದು ಹಾಕೋದು. ಡಿಡಿಯು ಅಂತ ಉಚಿತ ಟೂಲ್ ಇದೆ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಹೊಸ ಡ್ರೈವರ್‌ನ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಇಲ್ಲಾಂದ್ರೆ ಮಧ್ಯದಲ್ಲಿ ವಿಂಡೋಸ್ ಅಪ್‌ಡೇಟ್ ತನ್ನದೇ ಒಂದು ಡ್ರೈವರ್ ತಂದು ಕೂರಿಸಿಬಿಡುತ್ತೆ. ಸೇಫ್ ಮೋಡ್‌ಗೆ ಹೋಗಿ ಹಳೇದನ್ನ ಅಳಿಸಿ, ರೀಸ್ಟಾರ್ಟ್ ಮಾಡಿ, ಹೊಸದು ಹಾಕಿ. ತೊಂದ್ರೆ ಶುರುವಾಗಿದ್ದೇ ಹೊಸ ಡ್ರೈವರ್ ಹಾಕಿದ ಮೇಲೆ ಅಂದ್ರೆ ಹಿಂದಿನ ಆವೃತ್ತಿಗೆ ಹೋಗಿ. ಹೊಸದೆಲ್ಲ ಒಳ್ಳೇದೇ ಅಂತಿಲ್ಲ. ನಾನು ಎರಡನ್ನೂ ಮಾಡಿದೆ. ಕ್ರ್ಯಾಶ್ ನಿಲ್ಲಲಿಲ್ಲ.

ಮೂರನೇದು, ಬಿಸಿ. ಎಚ್‌ಡಬ್ಲ್ಯೂ ಇನ್ಫೋ ಹಾಕಿ ಟೆಂಪರೇಚರ್ ನೋಡಿದೆ, 72 ಡಿಗ್ರಿ. ಟಿಕ್. ಓವರ್‌ಕ್ಲಾಕ್, ಅಂಡರ್‌ವೋಲ್ಟ್ ಏನಾದ್ರೂ ಮಾಡಿದ್ರೆ ಅದನ್ನೂ ತೆಗೆದುಬಿಡಿ. ನಾನು ಮಾಡಿರಲಿಲ್ಲ.

ನಾಲ್ಕನೇದು ಪವರ್, ಇದಕ್ಕೆ ಸ್ವಲ್ಪ ಟೈಮ್ ಕೊಡಿ. ಮದರ್‌ಬೋರ್ಡ್ ಸ್ಲಾಟಿಂದ ಕಾರ್ಡಿಗೆ ಸಿಗೋದು ಹೆಚ್ಚಂದ್ರೆ 75 ವಾಟ್. 8 ಪಿನ್ ಕನೆಕ್ಟರ್ ಒಂದರ ಲೆಕ್ಕ 150 ವಾಟ್. ಕಾರ್ಡಲ್ಲಿ ಎರಡು ಕನೆಕ್ಟರ್ ಇದ್ರೆ ಪವರ್ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ಎಳೀರಿ. ಒಂದೇ ಕೇಬಲ್ಲಿನ ತುದೀಲಿ ನೇತಾಡೋ ಎರಡು ಕನೆಕ್ಟರನ್ನ ಚುಚ್ಚಬೇಡಿ. ಕಾರ್ಡ್ ಕ್ಷಣಮಾತ್ರಕ್ಕೆ ಸರಾಸರಿಗಿಂತ ತುಂಬಾ ಜಾಸ್ತಿ ಎಳೆಯುತ್ತೆ, ಹಳೇ ಅಥವಾ ಅಗ್ಗದ ಸಪ್ಲೈ ಅಲ್ಲೇ ಕೈ ಎತ್ತುತ್ತೆ. ಕಾರ್ಡನ್ನ ಬಿಚ್ಚಿ, ಸ್ಲಾಟಲ್ಲಿ 'ಕ್ಲಿಕ್' ಅನ್ನೋ ಹಾಗೆ ಮತ್ತೆ ಕೂರಿಸಿ. ಬಿಚ್ಚೋ ಮುಂಚೆ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಮರೀಬೇಡಿ. ಮಾಡ್ಯುಲರ್ ಪವರ್ ಸಪ್ಲೈ ಇದ್ರೆ ಒಂದರ ಕೇಬಲ್ ಇನ್ನೊಂದಕ್ಕೆ ಹಾಕ್ಬೇಡಿ. ತುದಿ ನೋಡೋಕೆ ಒಂದೇ ತರ ಇರುತ್ತೆ, ಒಳಗಿನ ವೈರಿಂಗ್ ಬೇರೆ ಇರಬಹುದು. ಆನ್ ಮಾಡಿದ ಕ್ಷಣವೇ ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಢಮಾರ್. ಇನ್ನೊಂದು, ಕೇಸ್ ಮುಟ್ಟಿದಾಗ ಬೆರಳಿಗೆ ಜುಮ್ ಅಂತಿದ್ರೆ ಮನೆಯ ಅರ್ತಿಂಗ್ ಸರಿ ಇಲ್ಲದಿರಬಹುದು. ಅದು ಪಿಸಿ ರಿಪೇರಿ ವಿಷಯ ಅಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೀರಿ.

ನನ್ನ ಕಾರ್ಡಿಗೆ ಒಂದೇ ಕನೆಕ್ಟರ್. ಸ್ನೇಹಿತನ ಪವರ್ ಸಪ್ಲೈಯನ್ನ ಅದರದ್ದೇ ಕೇಬಲ್ ಸಮೇತ ತಂದು ಹಾಕಿ ನೋಡಿದೆ. ಕ್ರ್ಯಾಶ್.

ಈ ಮಧ್ಯೆ ಯೂಟ್ಯೂಬಲ್ಲಿ ಒಬ್ರು 'ರಿಜಿಸ್ಟ್ರೀಲಿ ಟಿಡಿಆರ್ ಸಮಯವನ್ನ 2ರಿಂದ 10 ಸೆಕೆಂಡಿಗೆ ಏರಿಸಿ' ಅಂದ್ರು. ಹಾಗೆ ಮಾಡ್ಬೇಡಿ ಅಂತೀನಿ. ಭಾರೀ ರೆಂಡರಿಂಗ್ ಮಾಡೋ ಕೆಲವರಿಗೆ ಅದು ಬೇಕಾಗಬಹುದು. ಆದ್ರೆ ಕಾರ್ಡ್ ನಿಜವಾಗ್ಲೂ ಹ್ಯಾಂಗ್ ಆಗ್ತಿದ್ರೆ ಎರಡು ಸೆಕೆಂಡ್ ಬದಲು ಹತ್ತು ಸೆಕೆಂಡ್ ಕಾದು ಕ್ರ್ಯಾಶ್ ಆಗುತ್ತೆ, ಅಷ್ಟೇ ವ್ಯತ್ಯಾಸ.

ಸಿಕ್ಕಿಬಿದ್ದ ಕಳ್ಳ

ಎಲ್ಲಾ ಟಿಕ್ ಆಯ್ತು, ಕ್ರ್ಯಾಶ್ ಹಾಗೇ ಇದೆ. ಆಗ ರಿಲಯಬಿಲಿಟಿ ಹಿಸ್ಟರಿಯನ್ನ ಮತ್ತೆ ನೋಡ್ತಾ, ಮೊದಲ ಕ್ರ್ಯಾಶ್ ಆದ ವಾರ ಏನೇನು ಮಾಡಿದ್ದೆ ಅಂತ ಯುಪಿಐ ಖರ್ಚಿನ ಪಟ್ಟಿ ತೆಗೆದೆ. ಅಲ್ಲಿತ್ತು. ಕಾರ್ಡ್ ತಗೊಂಡ ಎರಡು ದಿನಕ್ಕೆ ಆನ್‌ಲೈನಲ್ಲಿ ಪರಿಚಯವಾದ ಒಬ್ಬರಿಂದ ಎರಡು ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸ್ಟಿಕ್ ತಗೊಂಡಿದ್ದೆ. ಮೊದಲೇ 8 ಜಿಬಿಯ ಎರಡು ಇದ್ವು, ಇನ್ನೆರಡು ಸೇರಿ 32 ಜಿಬಿ. ಹಾಕಿದೆ, ಮಷೀನ್ ಆನ್ ಆಯ್ತು, ವಿಂಡೋಸ್ 32 ಅಂತ ತೋರಿಸ್ತು, ಮರೆತೇ ಹೋಯ್ತು.

ಮೆಮ್‌ಟೆಸ್ಟ್86 ಅನ್ನೋ ಟೂಲನ್ನ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿದೆ. ಅರ್ಧ ಗಂಟೆ ದಾಟಿದ ಮೇಲೆ ಕೆಂಪು ಸಾಲುಗಳು ಶುರುವಾದ್ವು. ನೆನಪಿಡಿ, ಇದರಲ್ಲಿ 'ಒಂದೇ ಎರರ್, ಪರವಾಗಿಲ್ಲ' ಅನ್ನೋದು ಇಲ್ಲ. ಒಂದು ಎರರ್ ಬಂದ್ರೂ ಫೇಲೇ.

ಹಳೇ ಎರಡನ್ನ ಮಾತ್ರ ಇಟ್ಟು ರಾತ್ರಿಯಿಡೀ ಓಡಿಸಿದೆ, ಸೊನ್ನೆ ಎರರ್. ಹೊಸ ಎರಡನ್ನ ಮಾತ್ರ ಇಟ್ಟು ಓಡಿಸಿದೆ, ಅದೂ ಸೊನ್ನೆ! ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ. ನಾಲ್ಕೂ ಒಟ್ಟಿಗೆ ಎಕ್ಸ್‌ಎಂಪಿ ಸ್ಪೀಡಲ್ಲಿ ಓಡಿದಾಗ ಮಾತ್ರ ತಪ್ಪು. ಎಕ್ಸ್‌ಎಂಪಿ ಅಂದ್ರೆ ರ‍್ಯಾಮ್‌ನ ಮಾಮೂಲಿ ವೇಗಕ್ಕಿಂತ ಮೇಲೆ ಓಡಿಸೋ ಸೆಟ್ಟಿಂಗ್, ಹೆಸರು ಏನೇ ಇರಲಿ ಅದೂ ಓವರ್‌ಕ್ಲಾಕೇ. ಡಬ್ಬದ ಮೇಲಿನ ವೇಗ ಆ ಡಬ್ಬದ ಸ್ಟಿಕ್‌ಗಳಿಗೆ ಮಾತ್ರ. ಎರಡು ಬೇರೆ ಡಬ್ಬದ ಜೋಡಿ ಸೇರಿಸಿದ್ರೆ, ನಾಲ್ಕು ಸ್ಟಿಕ್‌ನ ಭಾರ ಬೇರೆ ಬಿದ್ರೆ, ಅದೇ ವೇಗದಲ್ಲಿ ಓಡುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಾದ್ರೆ ಗ್ರಾಫಿಕ್ಸ್ ಯಾಕೆ ಕ್ರ್ಯಾಶ್ ಆಯ್ತು? ಡ್ರೈವರ್ ಅನ್ನೋದೂ ಒಂದು ಪ್ರೋಗ್ರಾಂ, ಅದು ಕೂತಿರೋದು ಅದೇ ರ‍್ಯಾಮಲ್ಲಿ. ಕಾರ್ಡಿಗೆ ಹೋಗೋ ಆದೇಶಗಳೂ ರ‍್ಯಾಮ್ ಮೂಲಕವೇ ಹೋಗೋದು. ದಾರೀಲಿ ಒಂದು ಬಿಟ್ ತಿರುಗಿದ್ರೆ ಸಾಕು, ಕಾರ್ಡಿಗೆ ಅರ್ಥವಿಲ್ಲದ ಆದೇಶ ಸಿಗುತ್ತೆ. ಅದು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತೆ. ಎರಡು ಸೆಕೆಂಡ್ ಆಗುತ್ತೆ. 4101.

ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿದೆ. ನಾಲ್ಕು ಸ್ಟಿಕ್ಕೂ ಇವೆ, ಮಾಮೂಲಿ ವೇಗದಲ್ಲಿ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ, ನನಗೆ ಗೊತ್ತೂ ಆಗಲ್ಲ. ಅವತ್ತಿಂದ ಒಂದೇ ಒಂದು 4101 ಇಲ್ಲ.

ಮದುವೆ ವಿಡಿಯೋ ಎಂಟು ದಿನ ತಡವಾಗಿ ಕೊಟ್ಟೆ, ಅರ್ಧ ದುಡ್ಡು ಬಿಟ್ಟೆ. ಅದಕ್ಕಿಂತ ಕಷ್ಟ ಆಗಿದ್ದು ಮತ್ತೆ ಎಸ್‌ಪಿ ರೋಡಿಗೆ ಹೋಗಿದ್ದು. ಎರಡು ಸಲ ಅಂಗಡಿ ಮುಂದೆ ಹೋಗಿ ವಾಪಸ್ ಬಂದಿದ್ದೀನಿ, ಸುಳ್ಳಲ್ಲ. ಮೂರನೇ ಸಲ ಒಳಗೆ ಹೋಗಿ, ಅವತ್ತಿನ ಹಾಗೇ ಗಿರಾಕಿಗಳು ಇರೋವಾಗ್ಲೇ, 'ತಪ್ಪು ನಂದು, ಕಾರ್ಡ್ ಸರಿ ಇತ್ತು' ಅಂದೆ. ಕೂಗಿದ್ದು ಎಲ್ಲರ ಮುಂದೆ, ಕ್ಷಮೆ ಮಾತ್ರ ಕಿವೀಲಿ ಕೇಳೋದು ನ್ಯಾಯ ಅಲ್ಲ ಅನ್ನಿಸ್ತು. ಅವರು ಕೇಳಿದ್ದು ಒಂದೇ: 'ಏನಿತ್ತು ಸರ್?' ಹೇಳಿದೆ. 'ರ‍್ಯಾಮ್ ಮಿಕ್ಸ್ ಮಾಡಿದ್ರಾ? ಅವತ್ತೇ ಹೇಳಿದ್ರೆ ಐದು ನಿಮಿಷದ ಕೆಲಸ.' ಅಷ್ಟು ಹೇಳಿ ಮುಂದಿನ ಗಿರಾಕಿ ಕಡೆ ತಿರುಗಿದ್ರು.

ಐದು ನಿಮಿಷ. ನನಗೆ ಮೂರು ವಾರ.

ಅದಕ್ಕೇ ನಿಮಗೆ ಹೇಳೋದು: ನಿಮ್ಮ ಪಿಸಿಗೆ ಏನೇ ಹಾಕಿದ್ರೂ, ತೆಗೆದ್ರೂ, ಅಪ್‌ಡೇಟ್ ಮಾಡಿದ್ರೂ, ಫೋನಿನ ನೋಟ್ಸಲ್ಲಿ ತಾರೀಖು ಸಮೇತ ಒಂದು ಸಾಲು ಬರೆದಿಡಿ. ಎರಡು ಪಾರ್ಟ್ ಒಂದೇ ವಾರ ಬಂದ್ರೆ ಒಂದನ್ನ ಹಾಕಿ, ನಾಲ್ಕು ದಿನ ಓಡಿಸಿ, ಆಮೇಲೆ ಇನ್ನೊಂದು. ಅಂಗಡಿಯವರ ಹತ್ರ ಹೋದಾಗ ಆ ಪಟ್ಟಿ ತೋರಿಸಿ, ಬೇರೆ ಕಡೆಯಿಂದ ತಗೊಂಡಿದ್ದನ್ನೂ ಸೇರಿಸಿ.

ಇವತ್ತಿಗೆ ಇಷ್ಟು. ನಿಮ್ಮ ಮಷೀನ್ ಕೂಡ ಹೀಗೇ ಆಟ ಆಡಿಸಿದ್ರೆ, ಕೊನೆಗೆ ಕಳ್ಳ ಯಾರು ಅಂತ ಸಿಕ್ಕಿದ್ರೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ, ಕೆಲಸ ಮಾಡ್ತಾ ಮಾಡ್ತಾ ಸೇವ್ ಒತ್ತೋದು ಮರೀಬೇಡಿ. ಸಿಗೋಣ.