ಪ್ರಜಾಪ್ರಭುತ್ವ: ನಮ್ಮ ಹುಡುಗರಿಗೆ ನಾವು ಕಲಿಸಿದ್ದೇನು?

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)

ಹಿಂದೆ ಗೋಡೆಗೆ ಆತು ನಿಂತಿರುವ ತರುಣ ಮಿತ್ರರೇ,

ಮೊದಲು ಆ ಗೋಡೆಯ ಮಾತೇ ಹೇಳಿಬಿಡುತ್ತೇವೆ. ಮುಂದಿನ ಎರಡು ಸಾಲು ಕುರ್ಚಿ ಖಾಲಿ ಅವ. ಹುಡುಗರು ಮಾತ್ರ ಹಿಂದೆ ನಿಂತಾರ. 'ಬರ್ರಿ ತಮ್ಮಾ, ಕೂಡ್ರಿ' ಅಂತ ಕಾರ್ಯದರ್ಶಿಗಳು ಮೂರು ಸಲ ಕರೆದರು, ಒಬ್ಬರೂ ಬರಲಿಲ್ಲ. ಇದರಲ್ಲಿ ಅವರ ತಪ್ಪಿಲ್ಲ. ಹಿರಿಯರು ಕೂತಲ್ಲಿ ಸಣ್ಣವರು ಕೂಡಬಾರದು, ಹಿರಿಯರು ಮಾತಾಡುವಾಗ ಸಣ್ಣವರು ಬಾಯಿ ಹಾಕಬಾರದು ಎಂದು ಕಲಿಸಿದವರು ನಾವೇ. ಆ ಪಾಠವನ್ನು ಅವರು ಚೆನ್ನಾಗಿ ಕಲಿತಾರ. ಈಗ ಅದೇ ಹುಡುಗರಿಗೆ ಪ್ರಜಾಪ್ರಭುತ್ವ ಕಲಿಸಬೇಕು, ಅದರ ಮೇಲೆ ಒಂದು ತಾಸು ಭಾಷಣ ಮಾಡ್ರಿ ಅಂತ ನಮಗೆ ಹೇಳಿ ಕಳಿಸಿದ್ದಾರೆ.

ಸಂಘಕ್ಕೆ ಇಪ್ಪತ್ತೈದು ತುಂಬಿತು. ಸಂಘ ಹುಟ್ಟಿದ ವರ್ಷವೇ ಈ ಊರಲ್ಲಿ ಹುಟ್ಟಿದ ಕೂಸು ಇವತ್ತು ಇಪ್ಪತ್ತೈದರ ತರುಣ. ಅವನು ಪುಣೆಯಲ್ಲೋ, ಹೈದರಾಬಾದಿನಲ್ಲೋ, ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಇದ್ದಾನೆ, ಇಲ್ಲವೆ ಊರಲ್ಲೇ ಇದ್ದು ತೊಗರಿ ಹೊಲ ನೋಡುತ್ತಾನೆ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಬಂದು ಮತ ಹಾಕಿರಬಹುದು. ಆದರೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಆದದ್ದು 2016ರಲ್ಲಿ, ಆಗ ಅವನಿಗೆ ಹದಿನೆಂಟು ತುಂಬಿರಲಿಲ್ಲ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ನಮ್ಮ ಕಾಳಗಿಯ ಕಥೆ ಇನ್ನೂ ವಿಚಿತ್ರ. ಚಿತ್ತಾಪುರ ತಾಲ್ಲೂಕಿನಲ್ಲಿದ್ದ ಕಾಳಗಿ 2018ರಲ್ಲಿ ತಾನೇ ತಾಲ್ಲೂಕು ಆಯಿತು. ಫಲಕ ಬಂತು, ತಹಸೀಲ ಕಚೇರಿ ಬಂತು. ತಾಲ್ಲೂಕು ಪಂಚಾಯಿತಿಗೆ ಜನ ಸಾಲು ನಿಂತು ತಮ್ಮವರನ್ನು ಆರಿಸುವ ದಿನ ಮಾತ್ರ ವರ್ಷ ಉರುಳಿದರೂ ಬರಲಿಲ್ಲ. ಹೀಗಿರುವಾಗ 'ಹುಡುಗರಿಗೆ ಆಸಕ್ತಿ ಇಲ್ರಿ' ಅಂತ ಸುಮ್ಮನೆ ಅವರ ಮೇಲೆ ಹಾಕಿದರೆ ಹೇಗೆ?

ನಾವು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು. ಆದ್ದರಿಂದ ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುವುದು ಸರಿ. ಸಮಾಜ ವಿಜ್ಞಾನದ ತಾಸಿನಲ್ಲಿ ರಾಷ್ಟ್ರಪತಿಯ ಅಧಿಕಾರ, ಲೋಕಸಭೆಯ 543 ಸ್ಥಾನ, ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದೆವು. ಅದೇ ಹುಡುಗನಿಗೆ 'ನಿಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು ಯಾರು?' ಎಂದು ಕೇಳಿದರೆ ಮೌನ. ಶಾಲೆಯಲ್ಲಿ ಮಂತ್ರಿಮಂಡಲ ಇರಬೇಕೆಂದು ನಿಯಮ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾವೇ ಕೂತು, ಹೆಚ್ಚು ಅಂಕ ಪಡೆದವನನ್ನು ಪ್ರಧಾನಿ ಮಾಡಿ, ಗಟ್ಟಿ ಧ್ವನಿ ಇದ್ದವನನ್ನು ಪ್ರಾರ್ಥನಾ ಮಂತ್ರಿ ಮಾಡಿ, ಕಾಗದ ಬರೆದು ಮುಗಿಸುತ್ತಿದ್ದೆವು. ಒಂದು ವರ್ಷ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, 'ಸರ್, ಚುನಾವಣೆ ಯಾವಾಗ?' ಎಂದಳು. ಕೂಡು ಅಂತ ಗದರಿಸಿದೆವು. ಗದರಿಸಿದೆವಾದರೂ ಆ ಮಾತು ರಾತ್ರಿ ನಿದ್ದೆ ಕೊಡಲಿಲ್ಲ.

ಮರುವರ್ಷ ಚುನಾವಣೆ ಮಾಡಿದೆವು. ಮತಪತ್ರ ಅಚ್ಚು ಹಾಕಿಸಲು ದುಡ್ಡು ಎಲ್ಲಿಂದ ಬರಬೇಕು? ನಾಲ್ಕು ಖಾಲಿ ಡಬ್ಬಿ ತಂದು, ಮುಚ್ಚಳಕ್ಕೆ ತೂತು ಹಾಕಿ, ಒಂದೊಂದರ ಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಅಂಟಿಸಿದೆವು. ಮಗುವಿಗೆ ಒಂದು ತೊಗರಿ ಕಾಳು, ಅದೇ ಮತ. ಪರದೆಯ ಹಿಂದೆ ಹೋಗಿ ಹಾಕಿ ಬರಬೇಕು. ಎಣಿಸಿದಾಗ ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹುಡುಗ ಸೋತು, ತಾಂಡಾದಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ಗೆದ್ದಿದ್ದ. ಶಿಕ್ಷಕರ ಕೋಣೆಯಲ್ಲಿ 'ಇನ್ನೊಮ್ಮೆ ಮಾಡೋಣ್ರಿ, ಹುಡುಗರಿಗೆ ತಿಳೀಲಿಲ್ಲ' ಎಂಬ ಮಾತು ಬಂತು. ಸುಳ್ಳು ಯಾಕೆ ಹೇಳಬೇಕು, ನಮಗೂ ಒಂದು ಗಳಿಗೆ ಹಾಗೇ ಅನಿಸಿತು. ಮಾಡಲಿಲ್ಲ, ಅದೊಂದು ಪುಣ್ಯ. ಆ ಹುಡುಗ ಮೊದಲ ವಾರವೇ ನೀರಿನ ಟಾಕಿ ತೊಳೆಸಿದ. ಎರಡನೇ ವಾರ ನಮ್ಮ ಮುಂದೆ ಬಂದು, 'ಸರ್, ಆಟದ ಸಾಮಾನಿಗೆ ಬಂದ ರೊಕ್ಕ ಎಷ್ಟು, ಖರ್ಚು ಎಷ್ಟು?' ಎಂದು ಕೇಳಿದ. ಆಗ ನಮಗೆ ತಿಳಿಯಿತು, ಚುನಾವಣೆ ಮಾಡಿಸುವುದು ಸುಲಭ, ಗೆದ್ದವನು ಲೆಕ್ಕ ಕೇಳಿದಾಗ ಉತ್ತರ ಕೊಡುವುದು ಕಷ್ಟ.

ನಮ್ಮ ಭಾಗಕ್ಕೆ ಮತದ ಹಕ್ಕು ಬಂದದ್ದೇ ತಡವಾಗಿ ಎಂಬುದನ್ನು ಹುಡುಗರಿಗೆ ಹೇಳುವವರು ಕಡಿಮೆ ಆಗಿದ್ದಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ, ನಿಜಾಮರ ರಾಜ್ಯದಲ್ಲಿದ್ದ ನಮಗೆ 1948ರ ಸೆಪ್ಟೆಂಬರ್ 17ಕ್ಕೆ. ಊರಿನ ಮುತ್ಯಾಗಳು, ಆಯಿಗಳು ಹೈದರಾಬಾದ್ ರಾಜ್ಯದ ಪ್ರಜೆಗಳಾಗಿಯೇ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದರು. ಜಮೀನು ಇದ್ದವರಿಗೊಂದು, ಇಲ್ಲದವರಿಗೊಂದು ಎಂಬ ಭೇದ ಇರಲಿಲ್ಲ. ಆಗ ವಯಸ್ಸು 21 ಆಗಬೇಕಿತ್ತು. ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯಿಂದ. ಆದರೆ ನಮ್ಮ ಕರ್ನಾಟಕದಲ್ಲಿ ಅದಕ್ಕೂ ಎರಡು ವರ್ಷ ಮೊದಲೇ, 1987ರ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತಿನ ಚುನಾವಣೆಯಲ್ಲಿ ಹದಿನೆಂಟರ ಹುಡುಗರು ಮತ ಹಾಕಿದ್ದರು. ಅಬ್ದುಲ್ ನಜೀರ್ ಸಾಬ್ ಅವರನ್ನು ಊರೂರಿನ ಬೋರ್‌ವೆಲ್ಲಿನಿಂದಾಗಿ 'ನೀರ್ ಸಾಬ್' ಎಂದು ನೆನೆಸುತ್ತೇವೆ. ಆ ಪಂಚಾಯತ್ ವ್ಯವಸ್ಥೆಯೂ ಅವರದೇ ಕೆಲಸ ಎಂಬುದನ್ನು ಮರೆಯುತ್ತೇವೆ.

ಕಲ್ಯಾಣದ ಅನುಭವ ಮಂಟಪದ ಮಾತು ಬಸವ ಜಯಂತಿಯ ದಿನ ಎಲ್ಲರೂ ಆಡುತ್ತಾರೆ, ನಾವೂ ಆಡಿದ್ದೇವೆ. ಅಲ್ಲಿ ಮಡಿವಾಳರು, ಅಂಬಿಗರು, ಹೆಣ್ಣುಮಕ್ಕಳು ಕೂತು ಮಾತಾಡುತ್ತಿದ್ದರು ಎಂದು ಹೆಮ್ಮೆಯಿಂದ ಹೇಳಿ, ಮನೆಗೆ ಬಂದು 'ನಿನಗೇನು ತಿಳೀತದ, ಸುಮ್ಮನಿರು' ಅಂತ ಮಗಳಿಗೆ ಹೇಳುತ್ತೇವೆ. ಇದನ್ನು ಇಷ್ಟಕ್ಕೇ ಬಿಡೋಣ.

ಹತ್ತಿರದ ಉದಾಹರಣೆ ಬೇಕಾದರೆ ನಿಮ್ಮ ಟ್ರಂಕು, ಕಪಾಟು ತೆಗೆದು ನೋಡ್ರಿ. ಈ ಗೋಡೆಗೆ ನಿಂತ ಬಹಳ ಹುಡುಗರ ಮನೆಯಲ್ಲಿ 371(ಜೆ) ಪ್ರಮಾಣಪತ್ರ ಇರುತ್ತದೆ. ಇಂಜಿನಿಯರಿಂಗ್ ಸೀಟಿಗೆ, ನೌಕರಿ ಅರ್ಜಿಗೆ ಅದನ್ನು ಲಗತ್ತಿಸುತ್ತೀರಿ. ಅದು ಯಾರೋ ದೊಡ್ಡವರು ದಯೆಯಿಂದ ಕೊಟ್ಟದ್ದು ಎಂದು ತಿಳಿದಿದ್ದರೆ ತಪ್ಪು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ದಶಕಗಟ್ಟಲೆ ಹೋರಾಟ ನಡೆಯಿತು. ನಮ್ಮ ನೆರೆಯ ಚಿಂಚೋಳಿಯ ವೈಜನಾಥ ಪಾಟೀಲರು ಅದರ ಮುಂದಾಳು. ಮನವಿಪತ್ರ, ಧರಣಿ, ಬಂದ್, ಮತ್ತೆ ಮನವಿಪತ್ರ. ಒಮ್ಮೆ ದಿಲ್ಲಿಯಿಂದ ಆಗುವುದಿಲ್ಲ ಎಂಬ ಉತ್ತರವೂ ಬಂತು. ಇವರು ಬಿಡಲಿಲ್ಲ. ಬೇರೆ ಬೇರೆ ಪಕ್ಷದವರು ಈ ಒಂದು ಮಾತಿಗೆ ಮಾತ್ರ ಕೂಡಿಕೊಂಡರು. ಕಡೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಯನ್ನು ಒಪ್ಪಿತು, 2013ರಿಂದ ಜಾರಿಗೆ ಬಂತು. ಸಂವಿಧಾನ ಎಂದರೆ ಅಂಬೇಡ್ಕರರು ಬರೆದಿಟ್ಟು ಹೋದ ಪುಸ್ತಕ, ನಾವು ಕೈ ಮುಗಿಯಬೇಕಾದದ್ದು ಎಂದಷ್ಟೇ ಹುಡುಗರು ತಿಳಿದಿರುತ್ತಾರೆ. ಅದರೊಳಗೆ ಬೀದರ, ಗುಲಬರ್ಗಾ, ರಾಯಚೂರಿನ ಜನ ಕೂಗಿ ಕೂಗಿ ಸೇರಿಸಿದ ಒಂದು ಪುಟ ಇದೆ. ಪೌರನೀತಿಯ ಪಾಠವನ್ನು ನಮ್ಮ ಭಾಗದಲ್ಲಿ ಈ ಪುಟದಿಂದಲೇ ಸುರು ಮಾಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನದ ಪೀಠಿಕೆ ಓದಿಸಿದರು. ಮರುವರ್ಷ ಅದೇ ದಿನ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರಿನ ಮಾನವ ಸರಪಳಿ ಮಾಡಿದರು. ಒಳ್ಳೆಯದೇ. ಆದರೆ ಕೈ ಹಿಡಿದು ನಿಂತ ಮಕ್ಕಳು ಕೈ ಬಿಟ್ಟ ಮೇಲೆ ಮಾಡುವ ಕೆಲಸ ಯಾವುದು ಎಂದು ಹೇಳಿಕೊಡುವವರು ಬೇಕಲ್ಲ.

ಆ ಕೆಲಸ ಗ್ರಾಮಸಭೆಯಲ್ಲಿದೆ. ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು, ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲವೆ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಹೇಗೆ? ಒಂದು ಊರಿನಲ್ಲಿ, ಹೆಸರು ಬೇಡ, ಸಭೆ ಆದ ಮೂರು ದಿನಕ್ಕೆ ನಮ್ಮ ಮನೆಗೇ ನಡಾವಳಿ ಪುಸ್ತಕ ಬಂತು. 'ಮಾಸ್ತರ್ರೇ, ಇಲ್ಲೊಂದು ಸಹಿ ಮಾಡ್ರಿ' ಎಂದರು. ನಾವು ಸಭೆಗೆ ಹೋಗಿರಲಿಲ್ಲ. ಚಹಾ ಕುಡಿಸಿ ಸಹಿ ಮಾಡಿ ಕಳಿಸಿದೆವು. ಬಾಗಿಲಲ್ಲಿ ನಮ್ಮ ಮೊಮ್ಮಗ ನಿಂತು ನೋಡುತ್ತಿದ್ದ. ಅವನಿಗೆ ನಾವು ಆ ದಿನ ಕಲಿಸಿದ ಪೌರನೀತಿ ಅದು.

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಕಲಿಸಿದೆವು. ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು, ಅದರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಹೆಸರೂ ಇತ್ತು. ಹಾಗೆ ಮಾಡುವುದು ಅಪರಾಧ ಎಂದು ಚುನಾವಣಾ ಆಯೋಗ ಹೇಳಬೇಕಾಯಿತು. 'ರೊಕ್ಕ ಗುಡಿಗೇ ಹೋಗ್ತದಲ್ರೀ, ಜಗಳ ತಪ್ತದ' ಎಂದು ಸಮರ್ಥನೆ ಮಾಡುವವರನ್ನು ನಾವು ಕೇಳಿದ್ದೇವೆ. ಗುಡಿ ಕಟ್ಟಲು ಪಟ್ಟಿ ಎತ್ತೋಣ. ನೂರಾರು ಮನೆಯ ಮತವನ್ನು ಒಬ್ಬನಿಗೆ ಮಾರಿ ಗೋಪುರ ಕಟ್ಟುವುದು ಯಾವ ದೇವರಿಗೂ ಬೇಕಿಲ್ಲ.

ಇನ್ನು ನಮ್ಮ ಸಂಘದ ಮಾತು. ಬೆಳ್ಳಿಹಬ್ಬದ ದಿನ ಹೇಳಬಾರದು ಅನಿಸಿದರೆ ಹಿರಿಯರು ಕ್ಷಮಿಸಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ಇವತ್ತಿನ ನಮ್ಮ ಸಂಘದವರೆಗೆ ಸಹಕಾರ ತತ್ವದ ಜೀವಾಳ ಒಂದೇ: ಹತ್ತು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರು ಇದ್ದವಳಿಗೂ ಒಂದೇ ಮತ. ಕಂಪನಿಯಲ್ಲಿ ರೊಕ್ಕಕ್ಕೆ ಮತ, ಸಂಘದಲ್ಲಿ ಮನುಷ್ಯನಿಗೆ ಮತ. ಹುಡುಗರಿಗೆ ಪ್ರಜಾಪ್ರಭುತ್ವ ತೋರಿಸಲು ಬೆಂಗಳೂರಿಗೆ ಕರೆದೊಯ್ಯಬೇಕಿಲ್ಲ, ಈ ಫರಸಿ ಹಾಕಿದ ಅಂಗಳ ಸಾಕು. ಆದರೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದೇನು? 'ನಮ್ಮಲ್ಲಿ ಪ್ರತಿ ಸಲ ಅವಿರೋಧ ಆಯ್ಕೆ' ಎಂದು. ಹಿಂದಿನ ರಾತ್ರಿ ಅಗಸಿ ಕಟ್ಟೆಯ ಮೇಲೆ ಐದಾರು ಮಂದಿ ಕೂತು ಹೆಸರು ಬರೆದರೆ ಬೆಳಿಗ್ಗೆ ಅವಿರೋಧ. ಜಗಳ ಆಗಲಿಲ್ಲ, ಖರ್ಚು ಉಳಿಯಿತು, ನಿಜ. ಇಪ್ಪತ್ತೈದು ವರ್ಷದಲ್ಲಿ ಈ ಊರಿನ ಹುಡುಗ ಸಂಘದೊಳಗೆ ಒಂದು ಚುನಾವಣೆಯನ್ನೂ ಕಣ್ಣಾರೆ ನೋಡಲಿಲ್ಲ, ಇದೂ ನಿಜ. ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ 'ಓದಿದೆ ಎಂದು ಭಾವಿಸಿ' ಒಪ್ಪುತ್ತೇವೆ, ಮಂಡಕ್ಕಿ ಭಜಿ ತಿಂದು ಎದ್ದು ಹೋಗುತ್ತೇವೆ.

ಒಂದು ಸಣ್ಣ ಕಥೆ ಹೇಳುತ್ತೇವೆ. ಮಕ್ಕಳ ಗ್ರಾಮಸಭೆ ಎಂದು ಪಂಚಾಯಿತಿಯವರು ವರ್ಷಕ್ಕೊಮ್ಮೆ ನಡೆಸುತ್ತಾರೆ. ಒಂದು ಊರಲ್ಲಿ ಹೈಸ್ಕೂಲಿನ ಹೆಣ್ಣುಮಕ್ಕಳು ಎದ್ದು, ಸಂಜೆಯ ಬಸ್ಸು ಕಡೆಯ ತಾಸು ಮುಗಿಯುವ ಮೊದಲೇ ಹೋಗುತ್ತದೆ, ನಾವು ನಡೆದು ಹೋಗಬೇಕು ಎಂದರು. ಹಿರಿಯರು ನಕ್ಕರು: 'ಬಸ್ಸು ನಮ್ಮ ಕೈಯಾಗ ಅದ ಏನವ್ವಾ?' ಮಕ್ಕಳು ಬಿಡಲಿಲ್ಲ. ಠರಾವು ಬರೆಯಿಸಿದರು, ಅದರ ನಕಲು ತಗೊಂಡರು, ಅರ್ಜಿ ಬರೆದರು. ಮೊದಲ ಅರ್ಜಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡನೆಯದಕ್ಕೆ ಸ್ವೀಕೃತಿ ಪಡೆದರು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ, ನಮ್ಮ ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಕೇಳಿದರು. ವರ್ಷ ಕಳೆಯಿತು. ಅರ್ಜಿ ಬರೆದ ಹುಡುಗಿಯರು ಹತ್ತನೇ ಇಯತ್ತೆ ಮುಗಿಸಿ ಹೋದರು. ಆಮೇಲೆ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಿಡತೊಡಗಿತು. ಅವರಿಗೆ ಉಪಯೋಗ ಆಗಲಿಲ್ಲ, ಅವರ ತಂಗಿಯರಿಗೆ ಆಯಿತು. ಆ ಸ್ವೀಕೃತಿಯ ಚೀಟಿಯನ್ನು ಒಬ್ಬಳು ಇನ್ನೂ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ, ನಮಗೆ ತೋರಿಸಿದಳು. ಇಷ್ಟನ್ನು ನಾವು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದೂ ಕಲಿಸಲಾಗಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನಮ್ಮದು ಮೂರು ವಿನಂತಿ. ಬರುವ ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು ಈ ಹುಡುಗರ ಕೈಯಿಂದ ಓದಿಸಬೇಕು. ತಿಳಿಯದ ಕಡೆ ನಿಲ್ಲಿಸಿ ಕೇಳಿದರೆ ಕಾರ್ಯದರ್ಶಿಗಳು ಸಿಟ್ಟಾಗಬಾರದು. ತೀರಿಹೋದ ಸದಸ್ಯರ ಷೇರುಗಳು ಇನ್ನೂ ಅವರ ಹೆಸರಲ್ಲೇ ಉಳಿದಿದ್ದರೆ ಅವನ್ನು ವಾರಸುದಾರರಿಗೆ ವರ್ಗ ಮಾಡಿಕೊಡಬೇಕು, ಗಂಡುಮಕ್ಕಳಿಗೆ ಮಾತ್ರ ಅಲ್ಲ, ಹೆಣ್ಣುಮಕ್ಕಳ ಹೆಸರನ್ನೂ ಕೇಳಬೇಕು. ಮುಂದಿನ ಚುನಾವಣೆಗೆ ಕಟ್ಟೆಯ ಮೇಲಿನ ಪಟ್ಟಿ ಬೇಡ, ಯಾರಿಗೆ ನಿಲ್ಲಬೇಕು ಅನಿಸುತ್ತದೋ ಅವರು ನಿಲ್ಲಲಿ.

ತರುಣರಿಗೆ ಒಂದೇ ಮಾತು. ಅಲ್ಲಿ ಬಾಗಿಲ ಬಳಿ ಮೇಜಿನ ಮೇಲೆ ಮತದಾರರ ಪಟ್ಟಿಯ ನಮೂನೆ 6 ಇಟ್ಟಿದ್ದಾರೆ. ಹದಿನೇಳು ತುಂಬಿದವರೂ ಮುಂಚಿತವಾಗಿ ಅರ್ಜಿ ಕೊಡಬಹುದು. 2022ರಿಂದ ಈ ಅನುಕೂಲ ಇದೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ. ಪದವಿ ಮುಗಿಸಿ ಮೂರು ವರ್ಷ ಆದವರು ಪದವೀಧರ ಕ್ಷೇತ್ರಕ್ಕೆ ಬೇರೆಯಾಗಿಯೇ ಹೆಸರು ಕೊಡಬೇಕು, ಪ್ರತಿ ಚುನಾವಣೆಗೆ ಆ ಪಟ್ಟಿ ಹೊಸದಾಗಿ ಆಗುತ್ತದೆ. ನಮ್ಮ ಕಡೆ ಇನ್ನೊಂದು ಗೊಂದಲ ಉಂಟು: ಚಿಂಚೋಳಿ ವಿಧಾನಸಭಾ ಕ್ಷೇತ್ರದಲ್ಲಿ ಹೆಸರು ಇದ್ದವರಿಗೆ ಜಿಲ್ಲೆ ಕಲಬುರಗಿ, ಲೋಕಸಭೆಗೆ ಮಾತ್ರ ಬೀದರ. ನಿಮ್ಮ ಹೆಸರು ಯಾವ ಕ್ಷೇತ್ರದಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿರಿ, ಅರ್ಜಿ ಯಾರಿಗೆ ಕೊಡಬೇಕೆಂಬುದು ಅದರಿಂದ ತಿಳಿಯುತ್ತದೆ.

ಊಟಕ್ಕೆ ಇನ್ನೂ ಅರ್ಧ ತಾಸು ಅದ ಅಂತ ಹೇಳ್ತಾರ. ಪ್ರಶ್ನೆ ಇದ್ದವರು ಕೇಳ್ರಿ. ಈ ಸಲ ವೇದಿಕೆಯವರು ಕಡೆಗೆ, ಗೋಡೆಯ ಹತ್ತಿರದವರಿಂದ ಸುರು ಮಾಡೋಣ.